ಹಳೆಯ ಪಂದ್ಯದ ಕಥೆ ಓದುವಾಗ ಸ್ಕೋರ್‌ಕಾರ್ಡ್ ಪಕ್ಕದಲ್ಲಿರಲಿ

ಕ್ರಿಕೆಟ್ ಇತಿಹಾಸದ ಪುಸ್ತಕ ಹಿಡಿದು ನಾಲ್ಕನೇ ಪುಟಕ್ಕೇ ತೂಕಡಿಸುವವರಿಗೆ ಒಂದು ಸಲಹೆ. ಲೇಖಕರು ವರ್ಣಿಸುವ ಪಂದ್ಯದ ಸ್ಕೋರ್‌ಕಾರ್ಡನ್ನು ಮೊದಲು ಹುಡುಕಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊಬೈಲ್ ಪರದೆಯಲ್ಲಿ ನೋಡಿದರೆ ಸಾಲದೇ ಎಂದು ಕೇಳಬಹುದು. ನನಗಂತೂ ಸಾಲಲಿಲ್ಲ, ಕೈಯಲ್ಲಿ ಬರೆದ ಅಂಕಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ದಕ್ಷಿಣ ಆಫ್ರಿಕಾ ಮತ್ತು ಇಂಗ್ಲೆಂಡ್ ನಡುವಿನ 1939ರ ಡರ್ಬನ್ ಟೆಸ್ಟ್‌ನಿಂದ ಆರಂಭಿಸಿ. ದಿನಗಳ ಮಿತಿಯೇ ಇಲ್ಲದ ಪಂದ್ಯವದು. ಮಾರ್ಚ್ 3ರಂದು ಶುರುವಾಗಿ 14ರವರೆಗೂ ಎಳೆಯಿತು. ಇಂಗ್ಲೆಂಡ್ ಗೆಲ್ಲಲು 696 ರನ್ ಬೇಕಿತ್ತು. 5 ವಿಕೆಟ್‌ಗೆ 654 ಆಗಿತ್ತು. ಇನ್ನು 42 ರನ್ ಅಷ್ಟೇ! ಆದರೆ ಮಳೆ ಬಂತು, ತಂಡ ಊರಿಗೆ ಮರಳುವ ಹಡಗು ಹಿಡಿಯಬೇಕಿತ್ತು, ಪಂದ್ಯ ಡ್ರಾ ಆಯಿತು. ಆ 42ನ್ನು ಸ್ವತಃ ಕಳೆದು ಬರೆದಾಗ ಹೊಟ್ಟೆಯಲ್ಲಿ ಆಗುವ ಸಂಕಟವೇ ಬೇರೆ.

ಒಂದು ಎಚ್ಚರಿಕೆ: ಹಳೆಯ ಓವರ್‌ಗಳನ್ನು ಇಂದಿನ ಲೆಕ್ಕದಲ್ಲಿ ಓದಬೇಡಿ. ಡರ್ಬನ್‌ನಲ್ಲಿ ಓವರ್‌ಗೆ ಎಂಟು ಎಸೆತ. ಆಸ್ಟ್ರೇಲಿಯಾದಲ್ಲಿ 1978–79ರವರೆಗೂ ಅದೇ ಪದ್ಧತಿ ಇತ್ತು. ಇದನ್ನು ಮರೆತು ಬೌಲರ್‌ಗಳನ್ನು ಹೋಲಿಸಿ, ಗೆಳೆಯರೊಡನೆ ವಾದಕ್ಕಿಳಿದು ಸೋತವನು ನಾನು.

ವಿಕೆಟ್ ಬಿದ್ದ ಕ್ರಮವನ್ನೂ ಬಿಡದೆ ಬರೆದುಕೊಳ್ಳಿ. ಶತಕ ಬಾರಿಸಿದವನ ಹೆಸರನ್ನು ಪುಸ್ತಕ ಹೇಗೂ ಹೇಳುತ್ತದೆ. ಎದುರು ತುದಿಯಲ್ಲಿ ಹನ್ನೊಂದು ರನ್ ಗಳಿಸಿ ಎರಡು ತಾಸು ನಿಂತವನು ಸಿಗುವುದು ಈ ಹಾಳೆಯಲ್ಲೇ.