ಅರಿಶಿನದ ಅಣು, ಅಜ್ಜಿಯ ಬಿಳಿಗಾರ

ಪಿಎಚ್‌ಡಿಗೆ ಸೇರಿದ ಮೊದಲ ವಾರವೇ ನನ್ನ ಗೈಡ್ ಒಂದು ಕೆಲಸ ಕೊಟ್ಟರು. ಅರಿಶಿನದ ಪುಡಿಯಿಂದ ಕರ್ಕ್ಯುಮಿನ್ ಬೇರ್ಪಡಿಸಬೇಕು. ಅರಿಶಿನ ಹಳದಿಯಾಗಿರುವುದು ಅದರಿಂದಲೇ. ಇದೇನು ಮಹಾ ಅಂದುಕೊಂಡೆ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಸೋಸಿ, ದ್ರಾವಕ ಆವಿ ಮಾಡುವ ಯಂತ್ರ ರೋಟಾವ್ಯಾಪ್‌ಗೆ ಹಾಕಿ ಇಂಗಿಸಿದೆ. ಕಿತ್ತಳೆ ಬಣ್ಣದ ಅಂಟು ಉಳಿಯಿತು. ಮಿಶ್ರಣದಲ್ಲಿ ಎಷ್ಟು ವಸ್ತುಗಳಿವೆ ಎಂದು ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ಪ್ಲೇಟ್ ಓಡಿಸಿ ನೋಡಿದರೆ ಒಂದಲ್ಲ, ಮೂರು ಹಳದಿ ಚುಕ್ಕೆ! ಮೂರೂ ಅಕ್ಕತಂಗಿಯರಂಥ ಅಣುಗಳು. ಕರ್ಕ್ಯುಮಿನ್‌ನಲ್ಲಿ ಎರಡು ಮೆಥಾಕ್ಸಿ ಗುಂಪುಗಳಿವೆ (ಆಕ್ಸಿಜನ್, ಕಾರ್ಬನ್, ಮೂರು ಹೈಡ್ರೋಜನ್ ಇರುವ ಪುಟ್ಟ ಬಾಲ), ಎರಡನೆಯದರಲ್ಲಿ ಒಂದು, ಮೂರನೆಯದರಲ್ಲಿ ಒಂದೂ ಇಲ್ಲ. ವ್ಯತ್ಯಾಸ ಅಷ್ಟೇ. ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ (ಕಾಲಂ) ಆ ಮೂರನ್ನು ಬಿಡಿಸಲು ನನಗೆ ಎರಡು ವಾರ ಹಿಡಿಯಿತು. ಮೇಲಿನಿಂದ ಸುರಿಯುವ ದ್ರಾವಕದಲ್ಲಿ ಮೆಥನಾಲ್ ಸ್ವಲ್ಪ ಜಾಸ್ತಿಯಾದರೂ ಮೂರೂ ಒಟ್ಟಿಗೆ ಇಳಿದುಬಿಡುತ್ತಿದ್ದವು.

ಆಮೇಲೆ ಅದೇ ಅಣುವನ್ನು ಲ್ಯಾಬ್‌ನಲ್ಲಿ ಕಟ್ಟಬೇಕಾಯಿತು. ಕಾಗದದ ಮೇಲೆ ತುಂಬ ಸುಲಭ. ನಡುವೆ ಅಸಿಟೈಲ್‌ಅಸಿಟೋನ್ ಎಂಬ ಒಂದು ಸಣ್ಣ ಅಣು, ಅದರ ಎರಡು ತುದಿಗೆ ಒಂದೊಂದು ವೆನಿಲಿನ್. ಹೌದು, ಐಸ್‌ಕ್ರೀಮಿಗೆ ವೆನಿಲಾ ಪರಿಮಳ ಕೊಡುವ ಅದೇ ವೆನಿಲಿನ್. ಎರಡನ್ನೂ ಬೆರೆಸಿ, ಅಮೀನ್ ಎಂಬ ಕ್ಷಾರ ಹಾಕಿ ಬಿಸಿ ಮಾಡಿದೆ. ಸಿಕ್ಕಿದ್ದು ಬೇರೆಯೇ ವಸ್ತು. ವೆನಿಲಿನ್ ತುದಿಗಳಿಗೆ ಹೋಗದೆ ನಡುವಿನ ಕಾರ್ಬನ್‌ಗೆ ಅಂಟಿಕೊಂಡಿತ್ತು. ಆ ಕಾರ್ಬನ್‌ನ ಎರಡೂ ಪಕ್ಕ ಕಾರ್ಬೊನಿಲ್‌ಗಳಿವೆ, ಅಂದರೆ ಆಕ್ಸಿಜನ್ ಹಿಡಿದುಕೊಂಡ ಕಾರ್ಬನ್‌ಗಳು. ಹಾಗಾಗಿ ಅದು ತನ್ನ ಹೈಡ್ರೋಜನ್ನನ್ನು ತುದಿಗಳಿಗಿಂತ ಬೇಗ ಬಿಟ್ಟುಕೊಡುತ್ತದೆ. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅದೇ ಕಥೆ.

ಇದಕ್ಕೆ ಒಳ್ಳೆಯ ದಾರಿ 1964ರಲ್ಲೇ ಸಿಕ್ಕಿತ್ತು. ಪಾಬೊನ್ ಎಂಬ ಕೆಮಿಸ್ಟ್ ವೆನಿಲಿನ್ ಹಾಕುವ ಮುಂಚೆಯೇ ಬೋರಿಕ್ ಆಕ್ಸೈಡ್ ಸೇರಿಸಿದರು. ಅದರಲ್ಲಿರುವ ಬೋರಾನ್ ಆ ಕಾರ್ಬೊನಿಲ್‌ಗಳ ಎರಡು ಆಕ್ಸಿಜನ್‌ಗಳನ್ನು ಹಿಡಿದು ಒಂದು ಉಂಗುರ ಮಾಡಿಕೊಳ್ಳುತ್ತದೆ. ನಡುವಿನ ಕಾರ್ಬನ್ ಸುಮ್ಮನಾಗುತ್ತದೆ, ತುದಿಗಳು ಕೆಲಸಕ್ಕೆ ಇಳಿಯುತ್ತವೆ. ಕೊನೆಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಬೋರಾನ್ ಬಿಟ್ಟುಹೋಗುತ್ತದೆ. ಒಂದು ಮಾತು ನೆನಪಿಡಿ: ಪ್ರತಿ ವೆನಿಲಿನ್ ಸೇರುವಾಗಲೂ ನೀರು ಹುಟ್ಟುತ್ತದೆ. ಅದನ್ನು ಹೀರಲು ಟ್ರೈಬ್ಯುಟೈಲ್ ಬೋರೇಟ್ ಬೇಕೇ ಬೇಕು. ಬ್ಯುಟೈಲ್ ಅಮೀನ್ ಹನಿಹನಿಯಾಗಿ ಹೋಗಬೇಕು. ನಾನು ಅವಸರಕ್ಕೆ ಒಂದೇ ಸಲ ಸುರಿದು ಒಂದು ಬ್ಯಾಚ್ ಪೂರ್ತಿ ಹಾಳು ಮಾಡಿದ್ದೇನೆ.

ಬೋರಾನ್ ಹಾಕಿದಾಗ ಫ್ಲಾಸ್ಕ್‌ನಲ್ಲಿ ಹಳದಿ ಬರಲಿಲ್ಲ, ಗಾಢ ಕೆಂಪು ಬಂತು. ಆ ಬಣ್ಣ ನೋಡಿ ನಿಂತುಬಿಟ್ಟೆ. ನಮ್ಮಜ್ಜಿ ಮನೆಯಲ್ಲೇ ಕುಂಕುಮ ಮಾಡುತ್ತಿದ್ದರು. ಅರಿಶಿನದ ಚೂರುಗಳನ್ನು ನಿಂಬೆರಸ, ಬಿಳಿಗಾರದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಕುಟ್ಟುತ್ತಿದ್ದರು. "ಬಿಳಿಗಾರ ಇಲ್ದಿದ್ರೆ ಬಣ್ಣ ಏರಲ್ಲ ಕಣೇ" ಅನ್ನುತ್ತಿದ್ದರು. ಬಿಳಿಗಾರ ಅಂದರೆ ಬೋರಾಕ್ಸ್, ಅದರಲ್ಲಿರುವುದು ಬೋರಾನ್! ಆಮ್ಲದ ಜೊತೆ ಬೋರಾನ್ ಸೇರಿದರೆ ಕರ್ಕ್ಯುಮಿನ್ ಕೆಂಪಾಗುತ್ತದೆ. ಬೋರಾನ್ ಇದೆಯೇ ಎಂದು ಪರೀಕ್ಷಿಸಲು ಕೆಮಿಸ್ಟ್‌ಗಳು ಅರಿಶಿನದ ಕಾಗದ ಬಳಸುವುದೂ ಇದಕ್ಕೇ. (ಆರತಿಯ ಕೆಂಪು ನೀರಿನದ್ದು ಬೇರೆ ವಿಷಯ. ಅಲ್ಲಿ ಸುಣ್ಣದ ಕ್ಷಾರ ಬಣ್ಣ ತಿರುಗಿಸುತ್ತದೆ.) ಅವತ್ತು ಸಂಜೆ ಅಜ್ಜಿಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ.

ನೆರಳಲ್ಲಿ ಯಾಕೆ ಒಣಗಿಸಬೇಕು ಅನ್ನುವುದು ಮಾತ್ರ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಶುದ್ಧ ಮಾಡಿದ ಕರ್ಕ್ಯುಮಿನ್ ದ್ರಾವಣವನ್ನು ಕಿಟಕಿ ಪಕ್ಕ ಇಟ್ಟು ಊರಿಗೆ ಹೋಗಿದ್ದೆ. ಬಂದು ನೋಡಿದರೆ ಬಣ್ಣವೇ ಇಳಿದಿತ್ತು. ಬೆಳಕಿಗೆ ಈ ಅಣು ಒಡೆಯುತ್ತದೆ. ಅಂದಿನಿಂದ ಪ್ರತಿ ಶೀಶೆಗೂ ಫಾಯಿಲ್ ಸುತ್ತುತ್ತೇನೆ.

ಅಣುವಿನ ಪ್ರತಿ ಹೈಡ್ರೋಜನ್ ಎಲ್ಲಿದೆ ಎಂದು ಗೆರೆಗಳಲ್ಲಿ ತೋರಿಸುವ ಎನ್‌ಎಂಆರ್ ಪರೀಕ್ಷೆಯ ಫಲಿತಾಂಶ ಬಂದ ದಿನ ಮರೆಯಲಾರೆ. ಅದರ ಅಳತೆಪಟ್ಟಿಯಲ್ಲಿ 3.9ರ ಹತ್ತಿರ ಎರಡು ಮೆಥಾಕ್ಸಿಗಳ ಆರು ಹೈಡ್ರೋಜನ್. 5.8ರಲ್ಲಿ ಒಂದೇ ಹೈಡ್ರೋಜನ್‌ನ ಒಂಟಿ ಗೆರೆ. ನಡುವಿನ ಕಾರ್ಬನ್‌ನದು. ಅಂದರೆ ಈ ಸಲ ವೆನಿಲಿನ್ ಅಲ್ಲಿಗೆ ಹೋಗಿಲ್ಲ! ಆ ಪ್ರಿಂಟ್ ಇನ್ನೂ ನನ್ನ ನೋಟ್‌ಬುಕ್‌ನಲ್ಲಿದೆ.

ಆದರೆ ಕಟ್ಟಲು ಕಾಡಿದ ಆ ನಡುಭಾಗವೇ ಕರ್ಕ್ಯುಮಿನ್‌ಗೂ ಶತ್ರು. ನಮ್ಮ ರಕ್ತದಷ್ಟೇ ಕ್ಷಾರ ಇರುವ ಬಫರ್ ದ್ರಾವಣದಲ್ಲಿ, ಮೈಬಿಸಿಯಲ್ಲಿ, ಅದು ಕೆಲವೇ ನಿಮಿಷಗಳಲ್ಲಿ ಒಡೆಯಲು ಶುರುವಾಗುತ್ತದೆ. ಜೊತೆಗೆ ಬೆಳಕು ಬಿದ್ದರೆ ಕರ್ಕ್ಯುಮಿನ್ ತಾನೇ ಹೊಳೆಯುತ್ತದೆ. ಹಾಗಾಗಿ ಹೊಳಪು ಅಳೆದು ಔಷಧದ ಗುಣ ಹುಡುಕುವ ಪರೀಕ್ಷೆಗಳಲ್ಲಿ ಆ ಗುಣ ಇಲ್ಲದಿದ್ದರೂ ಇದೆ ಅನ್ನಿಸಿಬಿಡಬಹುದು. 2017ರಲ್ಲಿ ಅಮೆರಿಕದ ಕೆಮಿಸ್ಟ್‌ಗಳು ಇದನ್ನೆಲ್ಲ ಒಟ್ಟುಮಾಡಿ ಬರೆದಾಗ ಹಲವರಿಗೆ ಬೇಸರವಾಯಿತು. ನನಗೆ ಅವರು ಹೇಳಿದ್ದು ಸರಿ ಅನ್ನಿಸಿತು. ಅರಿಶಿನದ ಮೇಲೆ ನಮಗೆ ಪ್ರೀತಿ ಇದೆ ಅಂತ ಡೇಟಾ ಬದಲಾಗುವುದಿಲ್ಲ, ಅಲ್ವಾ?

ಅದಕ್ಕೇ ನನ್ನ ಮುಂದಿನ ಕೆಲಸವೆಲ್ಲ ನಡುಭಾಗ ಬದಲಿಸುವುದರಲ್ಲೇ ಹೋಯಿತು. ಅಸಿಟೈಲ್‌ಅಸಿಟೋನ್ ಬದಲು ಬರೀ ಅಸಿಟೋನ್ ತೆಗೆದುಕೊಂಡರೆ ನಡುವೆ ಒಂದೇ ಕಾರ್ಬೊನಿಲ್ ಇರುತ್ತದೆ. ಬೋರಾನ್ ಬೇಕಿಲ್ಲ. ಮೊದಲ ಸಲ ಅಂಥ ಅಣುವನ್ನು ಅದೇ ಬಫರ್‌ನಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಟಿಎಲ್‌ಸಿ ಓಡಿಸಿದೆ. ಚುಕ್ಕೆ ಇದ್ದ ಹಾಗೇ ಇತ್ತು. ಉಳಿದದ್ದನ್ನು ಶೀಶೆಗೆ ತುಂಬಿ, ತಾರೀಖು ಬರೆದು, ಫಾಯಿಲ್ ಸುತ್ತಿಟ್ಟೆ.