ಏಳು ರಾತ್ರಿಯ ಕ್ರೂಸ್‌ಗೆ ಒಬ್ಬರಿಗೊಂದು ಸೂಟ್‌ಕೇಸ್: ನಾನು ಪ್ಯಾಕ್ ಮಾಡುವ ಬಗೆ

ಕ್ರೂಸ್‌ಗೆ ಹೊರಡುವಾಗ ನಾನು ಬೀರುವಿನ ಬಾಗಿಲು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು. ಹಾಳೆಯ ಎಡಕ್ಕೆ ಪ್ರಯಾಣದ ದಿನಗಳನ್ನು ಸಾಲಾಗಿ ಬರೆದು, ಪ್ರತಿ ದಿನದ ಮುಂದೆ ಎರಡು ಮನೆ ಎಳೆಯುತ್ತೇನೆ: ಒಂದು ಹಗಲಿಗೆ, ಒಂದು ಸಂಜೆಗೆ. ಆ ದಿನ ಹಡಗು ಬಂದರಿನಲ್ಲಿ ನಿಲ್ಲುತ್ತದೋ ಇಡೀ ದಿನ ಸಮುದ್ರದಲ್ಲೇ ಇರುತ್ತದೋ, ನಿಂತರೆ ಅಲ್ಲಿ ಮಾಡುವುದು ನಡಿಗೆಯೋ ಈಜೋ ಎಂಬುದು ಹಗಲಿನ ಮನೆಗೆ. ಊಟದ ಹಾಲ್‌ನಲ್ಲಿ ಅಂದಿನ ಉಡುಪಿನ ನಿಯಮ ಏನೆಂಬುದು ಸಂಜೆಯ ಮನೆಗೆ. ಏಳು ರಾತ್ರಿಗೆ ಹದಿನಾಲ್ಕು ಮನೆ ತುಂಬಿದ ಮೇಲೆ ಬಟ್ಟೆಯ ಲೆಕ್ಕ ತಾನಾಗಿ ಹೊರಬರುತ್ತದೆ. ಬೀರುವಿನಿಂದ ಶುರು ಮಾಡಿದರೆ ‘ಇದೂ ಇರಲಿ, ಅದೂ ಇರಲಿ’ ಎನ್ನುತ್ತಲೇ ಎರಡು ಸೂಟ್‌ಕೇಸ್ ತುಂಬಿರುತ್ತವೆ, ಈಜುಡುಗೆ ಮಾತ್ರ ಮನೆಯಲ್ಲೇ ಉಳಿದಿರುತ್ತದೆ.

ಜಾಗದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಎಂದರೆ ಸಾಮಾನ್ಯವಾಗಿ 14ರಿಂದ 17 ಚದರ ಮೀಟರ್. ಹಾಸಿಗೆ, ಬಚ್ಚಲು, ಬಟ್ಟೆಯ ಬೀರು ಎಲ್ಲ ಅದರಲ್ಲೇ. ಖಾಲಿಯಾದ ಸೂಟ್‌ಕೇಸ್ ಮಂಚದ ಕೆಳಗೆ ಹೋಗಬೇಕು. ಹಾಗಾಗಿ ನಾನು ಬಟ್ಟೆಯ ಹೊದಿಕೆಯ ಮೆತ್ತನೆಯ ಸೂಟ್‌ಕೇಸನ್ನೇ ಒಯ್ಯುವುದು. ಎರಡು ಚಿಪ್ಪಿನಂತೆ ನಡುವೆ ತೆರೆದುಕೊಳ್ಳುವ ಗಟ್ಟಿ ಪೆಟ್ಟಿಗೆಗೆ ಬಿಚ್ಚಲು ನೆಲದಲ್ಲಿ ಎರಡರಷ್ಟು ಜಾಗ ಬೇಕು, ಕ್ಯಾಬಿನ್‌ನಲ್ಲಿ ಅಷ್ಟು ನೆಲ ಇರುವುದಿಲ್ಲ. ಒಳಗೆ ಬಟ್ಟೆಗಳನ್ನು ಜಿಪ್ ಇರುವ ಸಣ್ಣ ಚೀಲಗಳಲ್ಲಿ ವಿಂಗಡಿಸಿಟ್ಟರೆ ಹಡಗು ಹತ್ತಿದ ಮೇಲೆ ಆ ಚೀಲಗಳನ್ನೇ ನೇರವಾಗಿ ಡ್ರಾಯರ್‌ಗೆ ಇಳಿಸಬಹುದು.

ಹಾಳೆ ತುಂಬಿದ ಮೇಲೆ ಎರಡು ಸಲ ಕಳೆಯುತ್ತೇನೆ. ಮೊದಲ ಸಲ, ಹಡಗಿನಲ್ಲಿ ಹೇಗೂ ಸಿಗುವ ವಸ್ತುಗಳು. ಸ್ನಾನದ ಟವೆಲ್, ಈಜುಕೊಳಕ್ಕೂ ಕಡಲತೀರಕ್ಕೂ ಬೇರೆ ಟವೆಲ್, ಸೋಪು, ಶಾಂಪೂ, ಕೂದಲು ಒಣಗಿಸುವ ಯಂತ್ರ, ಒಂದು ಪುಟ್ಟ ತಿಜೋರಿ ಬಹುಪಾಲು ದೊಡ್ಡ ಹಡಗುಗಳಲ್ಲಿ ಇದ್ದೇ ಇರುತ್ತವೆ. ತೀರಕ್ಕೆ ಕೊಡುವ ಟವೆಲ್‌ಗಳ ಲೆಕ್ಕ ಇಡುತ್ತಾರೆ, ಕಳೆದರೆ ಅದರ ಹಣ ನಿಮ್ಮ ಹಡಗಿನ ಬಿಲ್ಲಿಗೆ ಸೇರುತ್ತದೆ. ಕಂಡೀಷನರ್ ಹೆಚ್ಚಾಗಿ ಇಡುವುದಿಲ್ಲ, ಅದನ್ನು ಒಯ್ಯಬೇಕು. ಹ್ಯಾಂಗರ್‌ಗಳು ಇರುತ್ತವೆ, ಆದರೆ ಇಬ್ಬರಿಗೆ ಸಾಲುವಷ್ಟಲ್ಲ. ತೆಳುವಾದ ನಾಲ್ಕೈದು ಹ್ಯಾಂಗರ್ ಸೂಟ್‌ಕೇಸಿನ ತಳಕ್ಕೆ ಹಾಕಿಕೊಳ್ಳುತ್ತೇನೆ.

ಎರಡನೇ ಸಲ ಕಳೆಯುವುದು ಹಡಗಿಗೆ ತರಬಾರದ ವಸ್ತುಗಳನ್ನು. ಇಲ್ಲಿಯೇ ಹೆಚ್ಚು ಜನ ಎಡವುವುದು. ಇಸ್ತ್ರಿಪೆಟ್ಟಿಗೆ, ಬಟ್ಟೆಗೆ ಹಬೆ ಹಾಯಿಸುವ ಸ್ಟೀಮರ್, ನೀರು ಕಾಯಿಸುವ ಕೆಟಲ್, ಮೇಣದಬತ್ತಿ, ಊದುಬತ್ತಿ ಇವ್ಯಾವುದಕ್ಕೂ ಅನುಮತಿಯಿಲ್ಲ. ನಡು ಸಮುದ್ರದಲ್ಲಿ ಬೆಂಕಿ ಬಿದ್ದರೆ ಹೊರಗಿನಿಂದ ಅಗ್ನಿಶಾಮಕ ವಾಹನ ಬರುವಂತಿಲ್ಲ, ಆದ್ದರಿಂದ ಇಂಥ ವಸ್ತುವನ್ನು ಕಂಡರೆ ತಪಾಸಣೆಯವರು ಎತ್ತಿಡುತ್ತಾರೆ. ಇದಕ್ಕಾಗಿ ಸೂಟ್‌ಕೇಸನ್ನೇ ತಡೆಹಿಡಿದರೆ ನೀವೇ ಹೋಗಿ ಬಿಚ್ಚಿ ತೋರಿಸಬೇಕಾಗುತ್ತದೆ, ಮೊದಲ ಸಂಜೆ ಅದರಲ್ಲೇ ಕಳೆಯುತ್ತದೆ.

ತರಬಾರದ್ದರಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ವೋಲ್ಟೇಜಿನ ದಿಢೀರ್ ಏರಿಕೆ ತಡೆಯುವ ಸಾಧನ, ಇರುವ ಎಕ್ಸ್‌ಟೆನ್ಷನ್ ಬೋರ್ಡೂ ಸೇರಿದೆ. ಅದು ಯಾಕೆ ಬೇಡ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯ ವಿದ್ಯುತ್ತಿನಲ್ಲಿ ಒಂದು ತಂತಿ ಫೇಸ್, ಇನ್ನೊಂದು ನ್ಯೂಟ್ರಲ್, ನ್ಯೂಟ್ರಲ್ ನೆಲಕ್ಕೆ ಜೋಡಣೆಯಾಗಿರುತ್ತದೆ. ಅನೇಕ ಹಡಗುಗಳಲ್ಲಿ ಹಾಗಿಲ್ಲ. ಅಲ್ಲಿ ಎರಡೂ ತಂತಿಗಳನ್ನು ಹಡಗಿನ ಲೋಹದ ಮೈಯಿಂದ ಬೇರ್ಪಡಿಸಿಟ್ಟಿರುತ್ತಾರೆ, ಎರಡರಲ್ಲೂ ವೋಲ್ಟೇಜ್ ಇರುತ್ತದೆ. ಸರ್ಜ್ ಪ್ರೊಟೆಕ್ಟರ್ ಒಳಗಿನ ಬಿಡಿಭಾಗ ತಂತಿಗೂ ಅರ್ಥ್‌ಗೂ ನಡುವೆ ಕೂತಿರುತ್ತದೆ. ಹಡಗಿನ ಇನ್ನೆಲ್ಲೋ ಒಂದು ತಂತಿ ಲೋಹಕ್ಕೆ ತಗುಲಿದರೆ ಈ ಭಾಗದ ಮೇಲೆ ಅದು ತಡೆದುಕೊಳ್ಳಲಾಗದ ವೋಲ್ಟೇಜ್ ಬಿದ್ದು, ಕಾದು, ಹೊತ್ತಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಇದರ ಬಗ್ಗೆಯೇ ಸುರಕ್ಷತಾ ಎಚ್ಚರಿಕೆ ಹೊರಡಿಸಿತ್ತು. ಈಗ ಕೆಲವು ಕಂಪನಿಗಳು ಸರ್ಜ್ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡನ್ನೂ ಬಿಡುವುದಿಲ್ಲ. ಹಾಗಾಗಿ ನಾನು ಒಯ್ಯುವುದು ನೇರವಾಗಿ ಸಾಕೆಟ್‌ಗೆ ಕೂರುವ, ನಾಲ್ಕು ಯುಎಸ್‌ಬಿ ಕಿಂಡಿಗಳ ಒಂದು ಚಾರ್ಜರ್, ಜೊತೆಗೆ ಎರಡು ದುಂಡು ಪಿನ್ನಿನ ಒಂದು ಯುರೋಪಿಯನ್ ಅಡಾಪ್ಟರ್. ಬಹಳಷ್ಟು ಹಡಗುಗಳಲ್ಲಿ ಮೇಜಿನ ಬಳಿ ಚಪ್ಪಟೆ ಪಿನ್ನಿನ 110 ವೋಲ್ಟ್ ಸಾಕೆಟ್ಟೂ ದುಂಡು ಪಿನ್ನಿನ 220 ವೋಲ್ಟ್ ಸಾಕೆಟ್ಟೂ ಅಕ್ಕಪಕ್ಕದಲ್ಲಿರುತ್ತವೆ. ದುಂಡು ಪಿನ್ನಿನದು ಹೆಚ್ಚಾಗಿ ಖಾಲಿ ಬಿದ್ದಿರುತ್ತದೆ. ಚಾರ್ಜರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ಎಂದು ನೋಡಿಕೊಂಡರೆ ಎರಡರಲ್ಲೂ ನಡೆಯುತ್ತದೆ.

ಪವರ್ ಬ್ಯಾಂಕ್ ಬಂದರಿನ ದಿನಗಳಿಗೆ ಬೇಕೇ ಬೇಕು. ವಿಮಾನದಲ್ಲಿ ಬಂದು ಹಡಗು ಹತ್ತುವವರು ಅದನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ, ತೊಂದರೆಯಿಲ್ಲ.

ಕ್ಯಾಬಿನ್‌ನ ಗೋಡೆಗಳು ಉಕ್ಕಿನವು. ಅದಕ್ಕೇ ಆಯಸ್ಕಾಂತದ ಕೊಕ್ಕೆಗಳು ಅಷ್ಟು ಉಪಯೋಗಕ್ಕೆ ಬರುವುದು: ಟೋಪಿ, ಚೀಲ, ಒದ್ದೆ ಈಜುಡುಗೆ ಎಲ್ಲ ನೇತುಹಾಕಬಹುದು. ನಾಲ್ಕರಿಂದ ಆರು ಸಾಕು. ಪೊಟ್ಟಣದ ಮೇಲೆ 10 ಕಿಲೋ ಎಂದು ಬರೆದಿದ್ದರೆ ನಂಬಿಬಿಡಬೇಡಿ. ಅದು ಕೊಕ್ಕೆಯನ್ನು ನೇರ ಎಳೆದು ಕೀಳಲು ಬೇಕಾದ ಬಲ. ಗೋಡೆಯಲ್ಲಿ ಭಾರ ಕೆಳಮುಖವಾಗಿ ಜಾರುವುದರಿಂದ ತಡೆಯುವುದು ಅದರ ಮೂರನೇ ಒಂದು ಪಾಲಿಗೂ ಕಡಿಮೆ.

ಇನ್ನು ಬಟ್ಟೆ. ಬೆಚ್ಚಗಿನ ಸಮುದ್ರದ ಏಳು ರಾತ್ರಿಗೆ ಒಬ್ಬರಿಗೆ ನನ್ನ ಲೆಕ್ಕ ಹೀಗೆ: ಹಗಲಿಗೆ ಐದು ಅಂಗಿ ಅಥವಾ ಟೀ ಶರ್ಟು, ಎರಡು ಚಡ್ಡಿ ಅಥವಾ ಸ್ಕರ್ಟು, ಒಂದು ಹಗುರ ಪ್ಯಾಂಟು. ಸಾಧಾರಣ ಸಂಜೆಗಳಿಗೆ ಮೂರು ಮೇಲುಡುಗೆ, ಒಂದೇ ಗಾಢ ಬಣ್ಣದ ಪ್ಯಾಂಟಿನ ಮೇಲೆ ಮೂರೂ ಹೊಂದಬೇಕು. ಒಳಉಡುಪು ಎಂಟು ಜೊತೆ. ಈಜುಡುಗೆ ಎರಡು, ಇದರಲ್ಲಿ ರಾಜಿ ಬೇಡ. ಹಡಗಿನ ಬಚ್ಚಲು ಸದಾ ತೇವ, ರಾತ್ರಿ ಹಿಂಡಿ ಹಾಕಿದ್ದು ಬೆಳಿಗ್ಗೆಯೂ ಒದ್ದೆಯೇ ಇರುತ್ತದೆ. ಬಾಲ್ಕನಿಯಲ್ಲಿ ಒಣಹಾಕೋಣವೆಂದರೆ ಅದಕ್ಕೆ ಅನುಮತಿಯಿಲ್ಲ, ಗಾಳಿಗೆ ಹಾರಿ ಸಮುದ್ರಕ್ಕೋ ಕೆಳಗಿನ ಡೆಕ್ಕಿಗೋ ಬೀಳುತ್ತದೆ. ಒಂದು ತೆಳು ಸ್ವೆಟರ್ ಕಡ್ಡಾಯ. ಹೊರಗೆ ಎಷ್ಟೇ ಸೆಖೆಯಿದ್ದರೂ ಊಟದ ಹಾಲ್ ಮತ್ತು ರಂಗಮಂದಿರದ ಎಸಿಗೆ ಮೈ ನಡುಗುತ್ತದೆ.

ಏಳು ರಾತ್ರಿಯಲ್ಲಿ ಸಾಮಾನ್ಯವಾಗಿ ಎರಡು ಔಪಚಾರಿಕ ಸಂಜೆಗಳಿರುತ್ತವೆ. ಎರಡಕ್ಕೂ ಒಂದೇ ಜೋಡಿ ಉಡುಪು ಸಾಕು, ಮೇಲಿನ ಅಂಗಿಯನ್ನೋ ಶಾಲನ್ನೋ ಬದಲಿಸಿದರಾಯಿತು. ಇಸ್ತ್ರಿಪೆಟ್ಟಿಗೆ ಇಲ್ಲದ ಕಾರಣ ಸುಕ್ಕು ಹಿಡಿಯದ ಬಟ್ಟೆಯನ್ನೇ ಆರಿಸುತ್ತೇನೆ. ಮುಷ್ಟಿಯಲ್ಲಿ ಅರ್ಧ ನಿಮಿಷ ಮುದುಡಿ ಹಿಡಿದು ಬಿಟ್ಟಾಗ ಗೆರೆ ಉಳಿದರೆ ಅದು ಮನೆಯಲ್ಲೇ ಇರಲಿ. ಕ್ಯುನಾರ್ಡ್‌ನಂಥ ಕಂಪನಿಯಲ್ಲಿ ಸಂಜೆ ಆರರ ನಂತರದ ಉಡುಪಿಗೆ ಕಟ್ಟುನಿಟ್ಟು ಹೆಚ್ಚು, ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿಯಲ್ಲಿ ಔಪಚಾರಿಕ ಉಡುಪಿನ ಒತ್ತಾಯವೇ ಇಲ್ಲ. ಟಿಕೆಟ್ ಕೊಂಡ ಕಂಪನಿಯ ನಿಯಮ ಓದದೆ ಸೂಟು ಕೋಟು ಹೊರುವುದರಲ್ಲಿ ಅರ್ಥವಿಲ್ಲ.

ಅಲಾಸ್ಕಾ, ನಾರ್ವೆಯ ಕಡೆಗಾದರೆ ಲೆಕ್ಕ ಬೇರೆ. ದಪ್ಪ ಕೋಟು ಒಂದರ ಬದಲು ಮೂರು ಪದರ ಒಯ್ಯುತ್ತೇನೆ: ಮೈಗಂಟುವ ಉಣ್ಣೆಯ ಅಥವಾ ಸಿಂಥೆಟಿಕ್ ಒಳಅಂಗಿ, ನಡುವೆ ಫ್ಲೀಸ್, ಮೇಲೆ ನೀರು ಇಳಿಯದ, ಟೋಪಿ ಸಹಿತದ ಜಾಕೆಟ್. ಒಳಪದರಕ್ಕೆ ಹತ್ತಿ ಬೇಡ, ಬೆವರಿಗೋ ಮಳೆಗೋ ನೆನೆದರೆ ಬೇಗ ಒಣಗದೆ ಚಳಿ ಹಿಡಿಸುತ್ತದೆ. ಕೊಡೆಯೂ ಬೇಡ, ಡೆಕ್ಕಿನ ಗಾಳಿಗೆ ಒಂದೇ ಕ್ಷಣದಲ್ಲಿ ಮಗುಚಿಕೊಳ್ಳುತ್ತದೆ. ಹಿಮನದಿ ನೋಡುವ ದಿನ ಕೈಗವಸು, ಕಿವಿ ಮುಚ್ಚುವ ಟೋಪಿ, ಎಂಟು ಪಟ್ಟು ದೊಡ್ಡದು ಮಾಡುವ 8x42 ದುರ್ಬೀನು ಕೈಗೆ ಸಿಗುವಂತಿರಲಿ. ಅದಕ್ಕಿಂತ ಹೆಚ್ಚು ದೊಡ್ಡದು ಮಾಡುವ ದುರ್ಬೀನಿನಲ್ಲಿ ಹಡಗಿನ ಅದುರಾಟವೂ ದೊಡ್ಡದಾಗಿ ಕಾಣುತ್ತದೆ.

ಪಾದರಕ್ಷೆ ಮೂರೇ ಜೋಡಿ. ನಡಿಗೆಯ ಶೂ, ಒದ್ದೆ ಡೆಕ್ಕಿನಲ್ಲಿ ಜಾರದ ಸ್ಯಾಂಡಲ್, ಸಂಜೆಗೊಂದು ತಗ್ಗು ಹಿಮ್ಮಡಿಯದು. ಭಾರದ್ದನ್ನು ಪ್ರಯಾಣದ ದಿನ ಕಾಲಿಗೆ ಹಾಕಿಕೊಳ್ಳಿ.

ಬಂದರಿನಲ್ಲಿ ದೊಡ್ಡ ಸೂಟ್‌ಕೇಸನ್ನು ಹಮಾಲಿಗಳಿಗೆ ಒಪ್ಪಿಸಿದ ಮೇಲೆ ಅದು ಕ್ಯಾಬಿನ್ ಬಾಗಿಲಿಗೆ ಬರುವುದು ಮಧ್ಯಾಹ್ನವೋ ಸಂಜೆಯೋ, ಕೆಲವೊಮ್ಮೆ ರಾತ್ರಿ ಊಟದ ಹೊತ್ತಿಗೋ. ಅಷ್ಟು ಹೊತ್ತು ಕೈಚೀಲವೇ ಗತಿ. ಪಾಸ್‌ಪೋರ್ಟು, ಹಡಗು ಹತ್ತುವ ಪಾಸು, ವಿಮೆಯ ಕಾಗದ, ಎಲ್ಲ ಔಷಧ, ಕನ್ನಡಕ, ಚಾರ್ಜರ್, ಒಂದು ಈಜುಡುಗೆ, ಸಂಜೆಗೊಂದು ಬದಲಿ ಅಂಗಿ ಇದರಲ್ಲಿರಬೇಕು. ಇಬ್ಬರು ಹೊರಟರೆ ಪ್ರತಿಯೊಬ್ಬರ ಎರಡು ದಿನದ ಬಟ್ಟೆಯನ್ನು ಇನ್ನೊಬ್ಬರ ಸೂಟ್‌ಕೇಸಿಗೆ ಅದಲು ಬದಲು ಮಾಡಿ ಹಾಕುತ್ತೇನೆ. ವಿಮಾನದಲ್ಲಿ ಒಂದು ಪೆಟ್ಟಿಗೆ ತಪ್ಪಿಹೋದರೆ ಹಡಗು ಅದಕ್ಕಾಗಿ ಕಾಯುವುದಿಲ್ಲ, ಬೇಗ ಎಂದರೂ ಮುಂದಿನ ಬಂದರಿನಲ್ಲೇ ಅದು ಕೈಸೇರುವುದು. ಕ್ಯಾಬಿನ್ ಸಂಖ್ಯೆಯ ಕಾಗದದ ಟ್ಯಾಗನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಬಂದರು ತಲುಪಿದ ಮೇಲೆಯೇ ಕಟ್ಟಿ. ಮೊದಲೇ ಕಟ್ಟಿದರೆ ವಿಮಾನ ನಿಲ್ದಾಣದ ಬೆಲ್ಟಿಗೆ ಅದು ಹರಿಯುತ್ತದೆ. ಇನ್ನೊಂದು ಪ್ರತಿ ಸೂಟ್‌ಕೇಸಿನ ಒಳಗೂ ಇರಲಿ.

ದಿನವೂ ತೆಗೆದುಕೊಳ್ಳುವ ಔಷಧವನ್ನು ಪ್ರಯಾಣದ ದಿನಗಳಿಗಿಂತ ಮೂರು ನಾಲ್ಕು ದಿನ ಹೆಚ್ಚಿಗೆ, ಅದರ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಇಡುತ್ತೇನೆ. ಓಲಾಟದ ವಾಕರಿಕೆಗೆ ಮೆಕ್ಲಿಝಿನ್ ಅಥವಾ ಡೈಮೆನ್‌ಹೈಡ್ರಿನೇಟ್ ಮಾತ್ರೆ. ಇವು ಹೊಟ್ಟೆ ತೊಳಸುವುದಕ್ಕೆ ಮುಂಚೆ ಕೆಲಸ ಮಾಡುತ್ತವೆ, ಶುರುವಾದ ಮೇಲೆ ಅಷ್ಟಾಗಿ ಅಲ್ಲ. ಎರಡರಿಂದಲೂ ತೂಕಡಿಕೆ ಬರುತ್ತದೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪಟ್ಟಿಯನ್ನು ನಾಲ್ಕು ಗಂಟೆ ಮೊದಲೇ ಹಚ್ಚಬೇಕು, ಮೂರು ದಿನ ಇರುತ್ತದೆ. ಅಂಟಿಸಿದ ಕೈ ತೊಳೆಯದೆ ಕಣ್ಣು ಮುಟ್ಟಿದರೆ ಪಾಪೆ ಹಿಗ್ಗಿ ದೃಷ್ಟಿ ಮಸುಕಾಗುತ್ತದೆ. ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು. ಸ್ಯಾನಿಟೈಸರ್ ಬಾಟಲಿಗಳನ್ನು ರಾಶಿ ತುಂಬಿಕೊಳ್ಳುವವರಿದ್ದಾರೆ. ಹಡಗಿನಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ ಮದ್ಯಸಾರಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಸೋಪು ನೀರಿನಲ್ಲಿ 20 ಸೆಕೆಂಡ್ ಕೈ ತೊಳೆಯುವುದೇ ಸರಿ.

ಸನ್‌ಸ್ಕ್ರೀನ್ ಎಲ್ಲರೂ ಕಡಿಮೆ ಒಯ್ಯುವ ವಸ್ತು. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. 100 ಮಿಲಿಯ ಟ್ಯೂಬು ಒಂದೇ ದಿನಕ್ಕೆ ಮುಗಿಯುತ್ತದೆ. ಹವಾಯಿಯಲ್ಲಿ 2021ರಿಂದ ಹವಳಕ್ಕೆ ಹಾನಿಯೆಂಬ ಕಾರಣಕ್ಕೆ ಆಕ್ಸಿಬೆಂಝೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಮಾರುವಂತಿಲ್ಲ, ಪಲಾವ್ ದೇಶ 2020ರಲ್ಲೇ ಇಂಥವನ್ನು ನಿಷೇಧಿಸಿದೆ. ಝಿಂಕ್ ಆಕ್ಸೈಡ್‌ನದನ್ನು ಕೊಂಡರೆ ಎಲ್ಲ ಕಡೆ ನಡೆಯುತ್ತದೆ. ಕೆರಿಬಿಯನ್ ಕಡೆ ಹೋಗುವವರು ಸೈನಿಕರ ಹಸಿರು ಮಚ್ಚೆಯ ಬಟ್ಟೆಯನ್ನು ಪಟ್ಟಿಯಿಂದ ತೆಗೆದುಹಾಕಿ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ಗಳಲ್ಲಿ ನಾಗರಿಕರು ಅದನ್ನು ಹಾಕುವುದು ಅಪರಾಧ, ಮಕ್ಕಳ ಟೋಪಿಯಾದರೂ ಸರಿ.

ಬಂದರಿನಲ್ಲಿ ಇಳಿಯಲು ಮಡಚಿಡಬಹುದಾದ 15ರಿಂದ 20 ಲೀಟರಿನ ಬೆನ್ನುಚೀಲ. ಅದರಲ್ಲಿ ಹಡಗಿನ ಕಾರ್ಡು, ಪಾಸ್‌ಪೋರ್ಟಿನ ನಕಲು, ನೀರಿನ ಬಾಟಲಿ, ಆ ಬಂದರಿನಲ್ಲಿರುವ ಹಡಗು ಕಂಪನಿಯ ಏಜೆಂಟರ ಫೋನ್ ಸಂಖ್ಯೆ. ಹಡಗು ದೂರ ನಿಂತು ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುವ ಜಾಗಗಳಲ್ಲಿ ಫೋನಿಗೊಂದು ನೀರು ಹೋಗದ ಚೀಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇಳಿಯುವ ಮುಂಚೆ ಚೀಲ ಕೊಡವಿ ನೋಡಿ, ಬಫೆಯಿಂದ ಎತ್ತಿಟ್ಟುಕೊಂಡ ಒಂದು ಸೇಬು ಉಳಿದಿದ್ದರೂ ದಂಡ ಕಟ್ಟಬೇಕಾದೀತು. ಇನ್ನು ಕೈಗೊಂದು ಸಾದಾ ಗಡಿಯಾರ. ಫೋನು ದಡದ ಗೋಪುರ ಹಿಡಿದು ಸ್ಥಳೀಯ ಸಮಯಕ್ಕೆ ತಾನೇ ತಿರುಗಿಬಿಡುತ್ತದೆ, ಹಡಗು ಹೊರಡುವುದು ಹಡಗಿನ ಸಮಯಕ್ಕೆ. ಒಂದು ಗಂಟೆಯ ವ್ಯತ್ಯಾಸದಲ್ಲಿ ಜನ ದಡದಲ್ಲೇ ಉಳಿದುಬಿಡುವುದು ಹೀಗೆ. ಫೋನನ್ನು ಸಮುದ್ರದಲ್ಲಿ ಏರ್‌ಪ್ಲೇನ್ ಮೋಡ್‌ನಲ್ಲೇ ಇಡಿ, ಹಡಗಿನ ಉಪಗ್ರಹ ಸಂಪರ್ಕಕ್ಕೆ ಸೇರಿಕೊಂಡರೆ ಬಿಲ್ಲು ಸಿಕ್ಕಾಪಟ್ಟೆ ಏರುತ್ತದೆ.

ಒಳಗಿನ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕಗ್ಗತ್ತಲು. ಬ್ಯಾಟರಿಯ ಪುಟ್ಟ ದೀಪವೊಂದು ಬಚ್ಚಲ ದಾರಿಗೆ ಬೇಕು.

ಕೊನೆಯ ರಾತ್ರಿಗೂ ಹಾಳೆಯಲ್ಲಿ ಒಂದು ಮನೆ ಇಟ್ಟಿರಬೇಕು. ಅಂದು ಸೂಟ್‌ಕೇಸನ್ನು ರಾತ್ರಿ ಹತ್ತು-ಹನ್ನೊಂದರ ಹೊತ್ತಿಗೆ ಬಾಗಿಲ ಹೊರಗಿಡಲು ಹೇಳುತ್ತಾರೆ, ಬೆಳಿಗ್ಗೆ ಅದು ಸಿಗುವುದು ದಡದ ಮೇಲೆಯೇ. ಮರುದಿನದ ಪೂರ್ತಿ ಉಡುಪು, ಶೂ, ಹಲ್ಲುಜ್ಜುವ ಸಾಮಾನು, ಔಷಧ, ಪಾಸ್‌ಪೋರ್ಟು ಕೈಚೀಲಕ್ಕೆ ಬಂದ ಮೇಲೆಯೇ ನಾನು ಜಿಪ್ ಎಳೆಯುವುದು. ಆಮೇಲೆ ತಿಜೋರಿ ತೆಗೆದು ನೋಡಿ, ಗೋಡೆಯ ಕೊಕ್ಕೆಗಳನ್ನು ಎಣಿಸಿ ಕೀಳುತ್ತೇನೆ. ಬಿಳಿ ಗೋಡೆಯ ಮೇಲಿನ ಬಿಳಿ ಕೊಕ್ಕೆ ಅಲ್ಲೇ ಉಳಿದುಹೋಗುತ್ತದೆ, ಅದಕ್ಕೇ ಕೆಂಪು ಬಣ್ಣದವನ್ನು ಇಟ್ಟುಕೊಂಡಿರುವುದು.