ಉತ್ತರ ಬಾರದ ದಿನಗಳಲ್ಲಿ ಪ್ರಾರ್ಥಿಸುವುದು ಹೇಗೆ

ಒಂದು ಮಗುವಿಗಾಗಿ ನಾನು ಒಂಬತ್ತು ವರ್ಷದಿಂದ ಕಾಯುತ್ತಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನಿಮ್ಮದು ಕೆಲಸಕ್ಕಾಗಿಯೋ, ಕಾಯಿಲೆ ವಾಸಿಯಾಗಲೆಂದೋ, ಮನೆ ಬಿಟ್ಟುಹೋದ ಮಗನಿಗಾಗಿಯೋ ಇರಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದನ್ನಷ್ಟೇ ಬರೆಯುತ್ತೇನೆ.

ಮೊದಲು, ದೇವರ ಮುಂದೆ ಸಮಾಧಾನವಾಗಿರುವ ಹಾಗೆ ನಟಿಸಬೇಡಿ. ಮೂರು ವರ್ಷ ನಾನು ಅದನ್ನೇ ಮಾಡಿದೆ. ಮೊಣಕಾಲೂರಿ "ನಿನ್ನ ಚಿತ್ತವೇ ಆಗಲಿ" ಅನ್ನುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅಳುತ್ತಿದ್ದೆ. ಒಂದು ರಾತ್ರಿ ಬೈಬಲಿನ 13ನೇ ಕೀರ್ತನೆ ಕಣ್ಣಿಗೆ ಬಿತ್ತು. ಆರೇ ವಚನ. ಮೊದಲ ಎರಡರಲ್ಲೇ "ಇನ್ನೆಷ್ಟು ಕಾಲ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರ ವಾಕ್ಯದಲ್ಲೇ ಈ ಪ್ರಶ್ನೆಗೆ ಜಾಗ ಇದೆ ಅಂದಮೇಲೆ ನಾನ್ಯಾಕೆ ನುಂಗಿಕೊಳ್ಳಬೇಕು?

ಬಾಗಿಲು ಹಾಕಿಕೊಂಡು ಅದನ್ನು ಗಟ್ಟಿಯಾಗಿ ಓದಿ. ಐದನೇ ವಚನಕ್ಕೆ ಸ್ವರ ಬದಲಾಗುತ್ತದೆ, ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ ಅನ್ನುತ್ತಾನೆ ಕೀರ್ತನೆಕಾರ. ಅದು ಬಾಯಿಗೆ ಬರದಿದ್ದರೆ ನಾಲ್ಕಕ್ಕೇ ನಿಲ್ಲಿಸಿ. ನಾಳೆ ಮತ್ತೆ ಮೊದಲಿಂದ ಓದಿ. ನಾನು ಎಷ್ಟೋ ತಿಂಗಳು ನಾಲ್ಕರಲ್ಲೇ ಇದ್ದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಅದೂ ಪ್ರಾರ್ಥನೆಯೇ ಅಲ್ವಾ?

ತನ್ನ ಗೆಳೆಯ ಲಾಜರನ ಕಾಯಿಲೆಯ ಸುದ್ದಿ ಕೇಳಿಯೂ ಯೇಸು ಇದ್ದಲ್ಲೇ ಎರಡು ದಿನ ಉಳಿದ. "ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ" ಅಂತ ಲಾಜರನ ಸೋದರಿಯರಲ್ಲಿ ಮಾರ್ಥಳೂ ಅಂದಳು, ಮರಿಯಳೂ ಅಂದಳು. ಇಬ್ಬರನ್ನೂ ಆತ ಗದರಿಸಲಿಲ್ಲ. ಕಣ್ಣೀರು ಹಾಕಿದ. ಉತ್ತರ ಯಾಕೆ ತಡ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಆ ಕಣ್ಣೀರನ್ನು ನಾನು ನಂಬುತ್ತೇನೆ.

ಆಸ್ಪತ್ರೆಯ ಪರೀಕ್ಷೆಯ ಫಲಿತಾಂಶ ಬರುವಂಥ ದಿನಗಳಲ್ಲಿ ಜಾಸ್ತಿ ಪ್ರಾರ್ಥಿಸಲು ಹೋಗಬೇಡಿ. ಮೊದಲು ಊಟ ಮಾಡಿ, ಮಲಗಿ. ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದಾಗ ಮಲಗಲು ಬಿಟ್ಟು, ಎರಡನೇ ಸಲ ಎಬ್ಬಿಸಿ ಉಣ್ಣಿಸಿದ. ಹಾಗೆಯೇ, ಚಿಕಿತ್ಸೆ ಪಡೆಯುವುದು ನಂಬಿಕೆ ಕಡಿಮೆಯಾದ ಗುರುತಲ್ಲ.

ಸಭೆಗೆ ಹೋಗುವುದನ್ನು ಬಿಡಬೇಡಿ. ಕಷ್ಟ ಅನಿಸಿದ ಭಾನುವಾರ ಹಿಂದಿನ ಸಾಲಿನಲ್ಲಿ ಕುಳಿತು, ಕೊನೆಯ ಹಾಡಿಗೆ ಎದ್ದು ಬನ್ನಿ. "ನಿನ್ನ ನಂಬಿಕೆ ಸಾಲದು" ಅನ್ನುವವರು ಸಿಗುತ್ತಾರೆ. ನನಗೆ ಹಾಗಂದಾಗ, ನನ್ನ ಹಾಗೆಯೇ ಮಗುವಿಗಾಗಿ ಬೇಡಿದ ಬೈಬಲಿನ ಹನ್ನಳು ನೆನಪಾದಳು. ಆಕೆ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಾಗ, ಯಾಜಕನಾದ ಏಲಿಯೇ ಕುಡಿದಿದ್ದಾಳೆ ಅಂದುಕೊಂಡ. ಎದುರಿಗೇ ಕೂತು ನೋಡಿದವನಿಗೂ ಅವಳ ಸಂಕಟ ಕಾಣಲಿಲ್ಲ. ಎಲ್ಲರಿಗೂ ವಿವರಿಸುತ್ತಾ ಸುಸ್ತಾಗಬೇಡಿ. ನಂಬುವಂಥ ಒಬ್ಬರಿಗೆ ಹೇಳಿಡಿ. "ಈ ವಾರ ನನಗೆ ಪ್ರಾರ್ಥಿಸೋಕೆ ಆಗ್ತಿಲ್ಲ, ನೀವು ಮಾಡಿ" ಅಂದರೆ ಸಾಕು. ನನ್ನ ಗೆಳತಿ ಹಾಗೆ ಎಷ್ಟೋ ವಾರ ನನ್ನ ಪರವಾಗಿ ಕುಳಿತಿದ್ದಾಳೆ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೊಂದು ಸಾಲು, ಮೇಲೆ ತಾರೀಖು. ಇವತ್ತಿನದು ಮಾತ್ರ ಬರೆಯಿರಿ, ಮುಂದಿನ ವರ್ಷದ್ದು ಬೇಡ. ನನ್ನದರ ಮೊದಲ ಪುಟದಲ್ಲಿ "ನಂಬಿಕೆ, ನಿರೀಕ್ಷೆ, ಪ್ರೀತಿ" ಅಂತಿದೆ. ನಮ್ಮ ಮಾತಿನಲ್ಲಿ ಕಾಯುವುದೂ ನಿರೀಕ್ಷೆಯೇ, ಭರವಸೆಯೂ ನಿರೀಕ್ಷೆಯೇ ಅನ್ನುವುದು ಅದನ್ನು ಬರೆಯುವಾಗಲೇ ನನಗೆ ಹೊಳೆದದ್ದು. ಮುಂದಿನ ಪುಟಗಳಲ್ಲಿ ಹೆಚ್ಚಾಗಿ "ನಾಲ್ಕರವರೆಗೆ" ಅಂತಲೇ ಇದೆ. ನಿನ್ನೆಯ ಸಾಲಿನಲ್ಲಿ "ಐದನ್ನೂ ಓದಿದೆ" ಅಂತ ಬರೆದಿದ್ದೇನೆ.